ರಾಣಿ ಗೆಲ್ಲೋವರೆಗೂ ಮಿಲ್ಲಿಲ್ಲ

“ರೀ, ಈಗ ಆಕ್ಬ್ಯಾಡಿ!” ಕಂಪ್ಯೂಟರಿನ ಮುಂದಿನಿಂದ ಪುಷ್ಪ ಕೂಗಿದಳು. ಹಿಟ್ಟಿನ ಮಿಲ್ಲಿನ ಸ್ವಿಚ್ಚಿಗೆ ಕೈಯಿಟ್ಟಿದ್ದ ಗಂಡ ಪ್ರಭುಸ್ವಾಮಿ ಹಾಗೇ ನಿಂತ. ಮಿಲ್ಲು ತಿರುಗಿದರೆ ವೋಲ್ಟೇಜ್ ಇಳಿದು ಕಂಪ್ಯೂಟರ್ ಆರಿಹೋಗುತ್ತದೆ. ಆಟದಲ್ಲಿ ಅವಳೇ ರಾಣಿ; ಅವಳ ರಾಜ್ಯ ಇಬ್ಭಾಗವಾಗಿ, ದಂಗೆಕೋರರು ರಾಜಧಾನಿಯ ಬಾಗಿಲಿಗೇ ಬಂದಿದ್ದರು.

“ರಾಗಿ ತಕಂಡು ಬಂದು ಎಷ್ಟೊತ್ತಾಯ್ತು! ಏನವ್ವ ನಿನ್ ಆಟ?” ಹಿಟ್ಟು ಮಾಡಿಸಲು ಬಂದಿದ್ದ ಮುದುಕಿ ಪುಟ್ಟಮಾದಮ್ಮ ರೇಗಿದಳು.

“ಮೈದುನ ತಿರುಗಿಬಿದ್ದವ್ನೆ ಕಣಜ್ಜಿ. ಕೊಟ್ಟ ಪಾಲು ಸಾಲ್ದಂತೆ, ಸಿಂಹಾಸನಾನೇ ಬೇಕಂತೆ.”

“ಮೈದುನನಾ?” ಪುಟ್ಟಮಾದಮ್ಮ ರಾಗಿ ಚೀಲ ಇಳಿಸಿ ಅದರ ಮೇಲೇ ಕೂತಳು.

ರಾಣಿಯ ಕುದುರೆಗಳು ನುಗ್ಗಿದವು. ಮೈದುನನ ಬಾವುಟ ಉರುಳಿತು. ರಾಜಧಾನಿ ಉಳಿಯಿತು! ಪುಷ್ಪ ಚಪ್ಪಾಳೆ ತಟ್ಟಿದಳು. ಪ್ರಭುಸ್ವಾಮಿ ನಗುತ್ತಾ ಮತ್ತೆ ಸ್ವಿಚ್ಚಿಗೆ ಕೈ ಚಾಚಿದ.

ಆ ಕೈಗೆ ಪುಟ್ಟಮಾದಮ್ಮ ಪಟ್ಟನೆ ಹೊಡೆದಳು. “ತಡಿಯಲಾ! ಆ ಮೈದುನ ಓಡೋಯ್ತಾವ್ನೆ. ಮೊದ್ಲು ಇಡ್ಕಳ್ಳಿ!”