ಖಾಲಿ ಬಾಟಲಿಯ ಪಾದರಸ

“ಮೇಡಂ, ಮಳೆಗೆ ಇಡದ ಬಾಟಲಿಯಲ್ಲೂ ಪಾದರಸ ಇದೆ,” ಎಂದ ಸಹಾಯಕ ಉಮೇಶ್.

ಸಾಗರದ ಕಾಲೇಜಿನ ಪ್ರಯೋಗಾಲಯದಲ್ಲಿ ಮನೋರಮಾ ಕನ್ನಡಕ ಸರಿಮಾಡಿಕೊಂಡು ಮತ್ತೆ ಪರದೆ ನೋಡಿದಳು. ಎಲ್ಲೋ ಕಲ್ಲಿದ್ದಲು ಸುಟ್ಟ ಹೊಗೆಯೊಳಗಿನ ಪಾದರಸ ಗಾಳಿಯಲ್ಲಿ ತೇಲಿ ಬಂದು ಮಲೆನಾಡಿನ ನೆಲಕ್ಕೆ ಎಷ್ಟು ಇಳಿಯುತ್ತದೆ ಎಂದು ಅಳೆಯುವುದು ಅವರಿಬ್ಬರ ಕೆಲಸ. ಅದಕ್ಕಾಗಿ ಹುಂಚದ ಹತ್ತಿರ ಕೆರಿಯಮ್ಮ ಎಂಬ ಹೆಂಗಸಿನ ಮನೆಯ ಹಿಂದಿನ ಗುಡ್ಡದಲ್ಲಿ ಮಳೆನೀರು ಹಿಡಿಯುತ್ತಿದ್ದರು. ಪ್ರತಿಸಲ ಜೊತೆಗೊಂದು ಶುದ್ಧ ನೀರಿನ ಬಾಟಲಿ ಒಯ್ದು, ಅಲ್ಲಿ ಮುಚ್ಚಳ ತೆಗೆದು, ಮಳೆಗೆ ಇಡದೆ ಮುಚ್ಚಿ ತರುತ್ತಿದ್ದರು. ಅದರಲ್ಲಿ ಏನೂ ಇರಬಾರದು. ಇದ್ದರೆ ಅದು ಮಳೆಯದಲ್ಲ, ಅಳೆಯುವವರದು.

“ಬಾಟಲಿ ತೆಗೆದಿದ್ದು ನಾನೇ. ಕೈಗವಸು ಹಾಕಿದ್ದೆ.”

“ಕೈ ಅಲ್ಲ ಮೇಡಂ. ತಪ್ಪು ತಿಳ್ಕೋಬೇಡಿ, ನೀವು ಹಲ್ಲಿಗೆ ಬೆಳ್ಳಿ ತುಂಬಿಸಿದ್ದೀರಾ?”

ತುಂಬಿಸಿದ್ದಳು, ದವಡೆಯ ಎರಡೂ ಕಡೆ. ಆ ಬೆಳ್ಳಿಯಲ್ಲಿ ಅರ್ಧದಷ್ಟು ಪಾದರಸವೇ, ಅದು ಉಸಿರಿನಲ್ಲೂ ಚೂರು ಹೊರಬರುತ್ತದೆ ಎಂಬುದು ಅವಳೇ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಪಾಠ. ಆದರೆ ಅವಳು ಬಾಟಲಿ ತೆರೆದು, ಅದರ ಮೇಲೆ ಬಗ್ಗಿ, ನೋಡಲು ಬಂದವರಿಗೆಲ್ಲ ವಾಯುಮಾಲಿನ್ಯ ವಿವರಿಸುತ್ತಾ ನಿಲ್ಲುವವಳು. ಉಮೇಶ್ ಇನ್ನೊಂದು ಶುದ್ಧ ನೀರಿನ ಬಾಟಲಿ ಮುಂದೆ ಹಿಡಿದ. ಅವಳು ಅದರೊಳಗೆ ಉಸಿರು ಬಿಟ್ಟಳು. ಆ ನೀರನ್ನು ಯಂತ್ರಕ್ಕೆ ಹಾಕಿದಾಗ ಅಂಕಿ ಮೇಲೇರಿತು.

“ನಾನು ಆಕಾಶ ನೋಡ್ಕೊಂಡು ಕೂತಿದ್ದೆ,” ಎಂದು ಅವಳು ನಕ್ಕಳು. “ಚಿಮಣಿ ನನ್ನ ಬಾಯಲ್ಲೇ ಇತ್ತು.”

ನಗು ಬೇಗ ನಿಂತಿತು. ಮೊದಲ ಅಂಕಿಗಳನ್ನು ನೋಡಿ ಗಾಬರಿಯಾಗಿ, ಈ ವರ್ಷ ಗುಡ್ಡದ ಅಣಬೆ ತಿನ್ನಬೇಡಿ ಎಂದು ಕೆರಿಯಮ್ಮನಿಗೆ ಹೇಳಿಬಂದಿದ್ದಳು. ತಾನು ಹೋಗಿ ತಿಳಿಸುತ್ತೇನೆಂದ ಉಮೇಶ್. “ಬೇಡ, ಹೇಳಿದ ಬಾಯೇ ಹೋಗ್ಬೇಕು,” ಎಂದು ಮರುದಿನ ಹುಂಚದ ಬಸ್ಸು ಹತ್ತಿದಳು.

ಕೆರಿಯಮ್ಮ ಜಗಲಿಯಲ್ಲಿ ಕೂತು ಎಲ್ಲ ಕೇಳಿದಳು. “ಅಂದ್ರೆ ಆವತ್ತು ಹೇಳಿದ್ದು ಸುಳ್ಳಾ, ಮೇಡಮ್ಮ?”

“ಸುಳ್ಳಲ್ಲ, ತಪ್ಪು. ನನ್ನ ಉಸಿರನ್ನೂ ಮಳೆ ಅಂದ್ಕೊಂಡೆ. ಮೇಲಿಂದ ಬೀಳೋದು ಬೀಳುತ್ತೆ, ಎಷ್ಟು ಅಂತ ಇನ್ನು ಹೊಸದಾಗಿ ನೋಡ್ಬೇಕು.”

ಕೆರಿಯಮ್ಮ ನಗಲಿಲ್ಲ. “ಬುಟ್ಟಿಗಟ್ಟಲೆ ಅಣಬೆ ಗೊಬ್ಬರಗುಂಡಿಗೆ ಸುರಿದೆ. ತಂಗಿ ಮನೇಲಿ ಒಲೆ ಮೇಲಿದ್ದಿದ್ದನ್ನೂ ಇಳಿಸಿ ಚೆಲ್ಲಿಸಿದೆ, ಅವ್ಳ ಅಳಿಯನ ಎದುರಿಗೇ. ಅವತ್ತಿಂದ ಅವ್ಳು ನನ್ನ ಮಾತಾಡ್ಸಿಲ್ಲ.”

ಮನೋರಮಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. “ನಾನೇ ಅವರ ಮನೆಗೆ ಹೋಗಿ ಹೇಳ್ತೀನಿ.”

“ನೀವು ಹೇಳಿದ್ದು ಸಾಕು,” ಎಂದಳು ಕೆರಿಯಮ್ಮ. ಒಳಗಿಂದ ಒಂದು ಮೊರ ತಂದು ಮುಂದಿಟ್ಟಳು. ಬೆಳಿಗ್ಗೆ ಬಿದಿರುಮೆಳೆಯ ಬುಡದಲ್ಲಿ ಎದ್ದ ಅಣಬೆಗಳು, ಇನ್ನೂ ಮಣ್ಣು ಅಂಟಿಕೊಂಡಿತ್ತು. “ಕಿತ್ತೇನೋ ತಂದೆ. ಇದನ್ನ ತಿನ್ಬೋದಾ, ಬ್ಯಾಡ್ವಾ? ಅಷ್ಟು ಹೇಳಿ.”

ಮನೋರಮಾ ಉಸಿರೆಳೆದುಕೊಂಡಳು. ಅರ್ಧ ಗಂಟೆಯ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು.

“ಅಣಬೆಯನ್ನ ನಾನು ಅಳೆದೇ ಇಲ್ಲ ಕೆರಿಯಮ್ಮ. ಗೊತ್ತಿಲ್ಲ.”

ಕೆರಿಯಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ನೀರು ಸುರಿದ ಸದ್ದು, ಆಮೇಲೆ ಒಗ್ಗರಣೆಯ ಚಟಪಟ. ಹೊರಗೆ ಬಂದಾಗ ಅವಳ ಎರಡೂ ಕೈಯಲ್ಲಿ ಒಂದೊಂದು ತಟ್ಟೆಯಿತ್ತು, ರೊಟ್ಟಿಯ ಪಕ್ಕದಲ್ಲಿ ಬಿಸಿ ಅಣಬೆ ಪಲ್ಯ. ಒಂದನ್ನು ಮನೋರಮಾಳ ಮುಂದಿಟ್ಟು, ಇನ್ನೊಂದನ್ನು ಹಿಡಿದು ತಾನೂ ಎದುರಿಗೆ ಕೂತಳು.

“ನಂಗೂ ಗೊತ್ತಿಲ್ಲ,” ಎಂದಳು. “ಗೊತ್ತಿಲ್ದೋರು ಇಬ್ರೂ ಒಟ್ಟಿಗೇ ತಿನ್ನಣ.”