ಒಂದು ಹನಿ ಆಸಿಡ್

ಬಿಳಿ ಕಲ್ಲಿನ ಮೇಲೆ ಬಿದ್ದ ಆಸಿಡ್ ಹನಿ ಬುಸುಬುಸು ನೊರೆಯೆದ್ದಿತು. ಕಾಲೇಜಿನ ಭೂವಿಜ್ಞಾನ ಲ್ಯಾಬಿನ ಅಟೆಂಡರಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಹಾಗಾದರೆ ಇದು ಅಮೃತಶಿಲೆಯೇ. ಡಬ್ಬಿಯ ಚೀಟಿಯಲ್ಲಿ ಮಾತ್ರ ಗಂಡನ ದುಂಡು ಅಕ್ಷರದಲ್ಲಿ 'ಬೆಣಚುಕಲ್ಲು' ಎಂದಿತ್ತು. ಇದೇ ಲ್ಯಾಬಿನಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಅವನು ತೀರಿಕೊಂಡು ಮೂರು ವಾರವಾಗಿತ್ತು. ಇವಳ ಕಣ್ಣಲ್ಲಿ ನೀರೇ ಬರಲಿಲ್ಲವಲ್ಲ ಎಂದು ನಾದಿನಿ ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ಅದೂ ತಟ್ಟಿರಲಿಲ್ಲ.

ಈ ಒಂದು ಕಲ್ಲಿಗಾಗಿ ಗಂಡ ಹೆಂಡತಿ ಹತ್ತೊಂಬತ್ತು ವರ್ಷ ಕಿತ್ತಾಡಿದ್ದರು. "ಇದು ಬೆಣಚುಕಲ್ಲೇ ಕಣೇ, ಮರಳುಗಲ್ಲು ನೆಲದಡಿ ಬೆಂದು ಗಟ್ಟಿಯಾದದ್ದು," ಅನ್ನುತ್ತಿದ್ದ ಅವನು.

"ನಿಮ್ಮ ತಲೆ! ಬೆಂದದ್ದು ಸುಣ್ಣದಕಲ್ಲು, ಇದು ಅಮೃತಶಿಲೆ. ಒಂದು ಹನಿ ಆಸಿಡ್ ಹಾಕಿ. ನೊರೆ ಬಂದ್ರೆ ನಾನು ಗೆದ್ದೆ, ಸುಮ್ಮನಿದ್ರೆ ನೀವು."

ಅವನು ಸೀಸೆ ಬಚ್ಚಿಡುತ್ತಿದ್ದ. "ಹಾಕಿಬಿಟ್ರೆ ನಾಳೆಯಿಂದ ಊಟದ ಹೊತ್ತಲ್ಲಿ ಏನು ಮಾತಾಡೋದು?"

ಡಬ್ಬಿಗಳನ್ನೆಲ್ಲ ಪರೀಕ್ಷೆ ಮಾಡಿಸುತ್ತಿದ್ದ ಹೊಸ ಮೇಷ್ಟ್ರು ಈಗ ಅವಳತ್ತ ಪೆನ್ನು ಚಾಚಿದರು. "ಚೀಟಿ ತಪ್ಪಾಗಿದೆ ಅಮ್ಮ, ಬದಲಾಯಿಸಿಬಿಡಿ."

ಅವಳು ಪೆನ್ನು ಮುಟ್ಟಲಿಲ್ಲ. ಕಲ್ಲನ್ನು ಮಗುಚಿ ಇನ್ನೊಂದು ಹನಿ ಬಿಟ್ಟಳು. ನೊರೆ ಬಂತು. ಅಂಚಿಗೊಂದು ಬಿಟ್ಟಳು. ಅಲ್ಲೂ ಬಂತು.

"ಎಷ್ಟು ಸಲ ನೋಡ್ತೀರಮ್ಮಾ? ಗೊತ್ತಾಯ್ತಲ್ಲ!"

"ಒಂದು ಕಡೆಯಾದ್ರೂ ಸುಮ್ಮನಿರತ್ತೇನೋ ನೋಡ್ತೀನಿ ಸಾರ್," ಎಂದು ಅವಳು ಮತ್ತೆ ಸೀಸೆ ಬಗ್ಗಿಸಿದಳು.