ಕಾಳಿಯ ಪಟ್ಟಿಯ ಕೊನೆಯ ಸಸಿ

ನಾಟಿ ಗದ್ದೆಯಲ್ಲಿ ಪಕ್ಕದ ಪಟ್ಟಿಯಿಂದ ಸಸಿ ಊರುವ ಚಳಕ್ ಚಳಕ್ ಸದ್ದು ಕೇಳಿದ್ದೇ ಕಾಳಿಯ ಕೈ ತಾನಾಗಿ ಚುರುಕಾಯಿತು. ಹೋದ ವರ್ಷ ಸಣ್ಣಿ ಸತ್ತ ಮೇಲೆ ಅವಳ ಆ ಪಟ್ಟಿಗೆ ಯಾರೂ ಇಳಿದಿರಲಿಲ್ಲ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ನಿಲ್ಲುವ ಮನಸ್ಸೂ ಬರಲಿಲ್ಲ.

ಮಂಕಿ ಊರಿನ ಒಡೆಯರ ಗದ್ದೆಯಲ್ಲಿ ಇಬ್ಬರದೂ ಹಳೆಯ ಪೈಪೋಟಿ. ಪ್ರತಿ ನಾಟಿಯಲ್ಲೂ ಸಣ್ಣಿಯೇ ಮೊದಲು ಅಂಚು ಮುಟ್ಟಿ, ಅಣಕಿಸಲೆಂದೇ ಕಾಳಿಯ ಪಟ್ಟಿಯ ತುದಿಯಲ್ಲೊಂದು ಸಸಿ ನೆಟ್ಟು ನಗುತ್ತಿದ್ದಳು. ಅವಳು ಹೋದ ಮೇಲೆ ಕಾಳಿಯ ಕೈಯೇ ಸೋತಿತ್ತು.

"ಕಾಳಕ್ಕ, ಎಂತಕ್ಕೆ ಇಷ್ಟು ಗಡಿಬಿಡಿ?" ಇನ್ನೊಂದು ಬದಿಯ ಪಟ್ಟಿಯಲ್ಲಿ ನೆಡುತ್ತ ಹಿಂದೆ ಬಿದ್ದಿದ್ದ ಗಂಗೆ ಕೇಳಿದಳು. ಕಾಳಿ ಬಗ್ಗಿದ ಬೆನ್ನೆತ್ತದೆ ಹಿಂದಕ್ಕೆ ಹಿಂದಕ್ಕೆ ನೆಡುತ್ತ ಹೋದಳು. ಹಿಮ್ಮಡಿ ಅಂಚಿಗೆ ತಾಗಿತು. ಪಕ್ಕದ ಸದ್ದು ನಿಂತಿತು.

"ಈ ಸಲ ನಾನೇ ಮೊದ್ಲು, ನೋಡೇ ಸಣ್ಣಿ" ಎಂದು ಅಂಚು ಹತ್ತಿ, ಕೊನೆಯ ಸಸಿ ಊರಲು ತಿರುಗಿ ಬಗ್ಗಿದಳು. ಅಲ್ಲಿ ಆಗಲೇ ಒಂದು ಸಸಿ ನಿಂತಿತ್ತು. ಅದರ ಬುಡದ ನೀರು ಇನ್ನೂ ಕದಡಿಕೊಂಡಿತ್ತು.